ಬೆಂಗಳೂರು ಎಫ್‌ಸಿ ಸೋತದ್ದು ಶೂಟೌಟ್‌ನಲ್ಲಲ್ಲ

2025ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಶೂಟೌಟ್‌ನಲ್ಲಿ 4-3ರಿಂದ ಸೋತದ್ದು 2023ರ ಫೈನಲ್‌ನಲ್ಲಿ, ಗೋವಾದ ಫತೋರ್ಡಾದಲ್ಲಿ. ಎರಡೂ ಸಲ ಎದುರಾಳಿ ಮೋಹನ್ ಬಾಗಾನ್ ಬಳಗವೇ ಆಗಿದ್ದರಿಂದ ಗೊಂದಲ ಸಹಜ.

2025ರಲ್ಲಿ ಕೋಲ್ಕತ್ತದಲ್ಲಿ ನಡೆದದ್ದೇ ಬೇರೆ. 49ನೇ ನಿಮಿಷದಲ್ಲಿ ಬೆಂಗಳೂರಿನ ರಯಾನ್ ವಿಲಿಯಮ್ಸ್ ಒಳಗೆ ಕಳಿಸಿದ ಚೆಂಡು ಬಾಗಾನ್‌ನ ಅಲ್ಬರ್ಟೊ ರಾಡ್ರಿಗಸ್ ಕಾಲಿಗೆ ತಾಗಿ ಅವರದೇ ಬಲೆ ಸೇರಿತು. ಕುರ್ಚಿಯಿಂದ ಎದ್ದು ನಿಂತ ನಾನು ಮತ್ತೆ ಕೂರಲೇ ಇಲ್ಲ. ಆಮೇಲೆ ಬೆಂಗಳೂರಿನ ಹ್ಯಾಂಡ್‌ಬಾಲ್ (ಚೆಂಡು ಕೈಗೆ ತಾಗಿದ ತಪ್ಪು), ಬಾಗಾನ್‌ನ ಕಮಿಂಗ್ಸ್ ಪೆನಾಲ್ಟಿ ಗೋಲು, ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಅದೇ ತಂಡದ ಮೆಕ್ಲಾರೆನ್ ಗೋಲು: ಬಾಗಾನ್‌ಗೆ 2-1.

ಈ ವ್ಯತ್ಯಾಸ ಮುಖ್ಯ. ತಂಡ ಕಟ್ಟುವಾಗ ಗಟ್ಟಿಯಾಗಬೇಕಾದದ್ದು ಮುನ್ನಡೆ ಕಾಯುವ ರಕ್ಷಣಾ ವಿಭಾಗ. ಆ ಋತುವಿನಲ್ಲಿ 40ರ ವಯಸ್ಸಿನಲ್ಲೂ 14 ಗೋಲು ಹೊಡೆದ ಸುನಿಲ್ ಚೆಟ್ರಿಯ ಮೇಲೆಯೇ ಇನ್ನೆಷ್ಟು ಭಾರ ಹೇರುವುದು?