ಸ್ಕಿಜೋಫ್ರೇನಿಯಾಕ್ಕೆ ಗಿಡಮೂಲಿಕೆಯ ಸಾರ: ಬಳ್ಳಾರಿಯಲ್ಲಿ ರೋಗಿಗಳ ಮೇಲೆ ಪರೀಕ್ಷೆ ನಡೆಯಬೇಕೇ?

ಪರ

ಇಲ್ಲದ ದನಿ ಕೇಳಿಸುವ, ಸಂಶಯ ಕಾಡುವ ಮನೋರೋಗವಾದ ಸ್ಕಿಜೋಫ್ರೇನಿಯಾ ಇರುವವರಿಗೆ ಬೇರು, ಕಷಾಯ, ಚೂರ್ಣ ಕೊಡುವುದು ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ಇಂದಿಗೂ ನಿಂತಿಲ್ಲ. ಮಗನಿಗೆ ಗಾಳಿ ಸೋಂಕಿದೆಯೆಂದು ಹುಲಿಗೆಮ್ಮನಿಗೆ ಹರಕೆ ಹೊತ್ತ ಮನೆಯವರು ನಾಟಿ ವೈದ್ಯರ ಪೊಟ್ಟಣವನ್ನೂ ಆಸ್ಪತ್ರೆಯ ಗುಳಿಗೆಯನ್ನೂ ಒಟ್ಟಿಗೇ ನುಂಗಿಸುತ್ತಾರೆ. ಪೊಟ್ಟಣದಲ್ಲಿ ಏನಿದೆ, ಎಷ್ಟಿದೆ ಎಂಬುದು ಗುಳಿಗೆ ಬರೆದ ವೈದ್ಯರಿಗೆ ತಿಳಿಯುವುದೇ ಇಲ್ಲ. ಪರೀಕ್ಷೆ ಬೇಡವೆಂದ ಮಾತ್ರಕ್ಕೆ ಈ ಬಳಕೆ ನಿಲ್ಲುವುದಿಲ್ಲ, ಲೆಕ್ಕವಿಲ್ಲದೆ ಮುಂದುವರಿಯುತ್ತದೆ.

ಸಸ್ಯಗಳಿಂದ ಏನೂ ಸಿಗದು ಎನ್ನುವವರು ಸರ್ಪಗಂಧವನ್ನು ನೆನೆಯಬೇಕು. ಅದರ ಬೇರು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಿದರು. 1954ರಲ್ಲಿ ಅಮೆರಿಕದ ಮನೋವೈದ್ಯ ನೇಥನ್ ಕ್ಲೈನ್ ಮನೋರೋಗಿಗಳ ಮೇಲೆ ಅದರ ಪರಿಣಾಮವನ್ನು ವರದಿ ಮಾಡಿದರು. ಮಿದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕವಾದ ಡೋಪಮಿನ್‌ಗೂ ಈ ಕಾಯಿಲೆಗೂ ನಂಟಿದೆಯೆಂಬ ತಿಳಿವಳಿಕೆ ಬೆಳೆಯಲು ಈ ಬೇರೂ ನೆರವಾಯಿತು.

ಇಂದಿನ ಗುಳಿಗೆಗಳು ಕಿವಿಯಲ್ಲಿ ಕೇಳುವ ದನಿಗಳನ್ನೂ ಸಂಶಯವನ್ನೂ ತಗ್ಗಿಸುತ್ತವೆ, ಆದರೆ ಮಾತು ಬತ್ತಿ, ಉತ್ಸಾಹ ಉಡುಗಿ ಮೂಲೆ ಹಿಡಿದವರಿಗೆ ಅವುಗಳಿಂದ ಆಗುವ ಉಪಕಾರ ಕಡಿಮೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 66 ಮಂದಿಯ ಪೈಕಿ ಕೆಲವರಿಗೆ ಎಂದಿನ ಔಷಧದ ಜೊತೆಗೆ ಅಶ್ವಗಂಧದ ಸಾರವನ್ನೂ ಉಳಿದವರಿಗೆ ಔಷಧಾಂಶವಿಲ್ಲದ ಹುಸಿಗುಳಿಗೆಯನ್ನೂ 12 ವಾರ ಕೊಟ್ಟಾಗ, ಸಾರ ಪಡೆದವರಲ್ಲಿ ಇಂಥ ಲಕ್ಷಣಗಳೇ ಹೆಚ್ಚು ಇಳಿದವು. ಚಿಕ್ಕ ಅಧ್ಯಯನ, ನಿಜ; ಆದ್ದರಿಂದಲೇ ದೊಡ್ಡದು ಬೇಕು. ವೈದ್ಯಕೀಯ ಕಾಲೇಜೂ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜೂ ಒಂದೇ ಊರಿನಲ್ಲಿರುವ ಬಳ್ಳಾರಿ ಇದಕ್ಕೆ ತಕ್ಕ ಜಾಗ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 1980ರ ದಶಕದಲ್ಲಿ ನಿಮ್ಹಾನ್ಸ್ ಮಾದರಿ ರೂಪಿಸಿದ್ದೂ ಈ ಜಿಲ್ಲೆಯಲ್ಲೇ.

ವಿರೋಧ

ಸರ್ಪಗಂಧದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಬಾರದು. ರೆಸರ್ಪಿನ್ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಿತು, ಕೈಕಾಲು ಬಿಗಿಯಿತು, ಕೆಲವರನ್ನು ಖಿನ್ನತೆಗೆ ನೂಕಿತೆಂಬ ವರದಿಗಳೂ ಬಂದವು. ಕ್ಲೋರ್‌ಪ್ರೊಮಝಿನ್ ಎಂಬ ಮನೋರೋಗದ ಔಷಧ ಬಳಕೆಗೆ ಬಂದ ಮೇಲೆ ಅದು ಹಿಂದೆ ಸರಿಯಿತು. ಈ ಕಾಯಿಲೆಗೆ ಕೊಡುವ ಆಯುರ್ವೇದ ಔಷಧಗಳ ಬಗ್ಗೆ 2007ರಲ್ಲಿ ನಡೆದ, ಅದುವರೆಗಿನ ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಮೂರೇ ಮೂರು ಚಿಕ್ಕ ಪ್ರಯೋಗಗಳು, ಕ್ಲೋರ್‌ಪ್ರೊಮಝಿನ್ ಜೊತೆಗಿನ ಹೋಲಿಕೆಯಲ್ಲಿ ಮೇಲುಗೈ ಕ್ಲೋರ್‌ಪ್ರೊಮಝಿನ್‌ನದೇ. ಈ ಕಾಯಿಲೆಯನ್ನು ಹೋಲುವಂತೆ ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೊಟ್ಟು ಕೆರಳಿಸಿದ ಇಲಿ ಒಂದು ಸಾರದಿಂದ ಶಾಂತವಾಯಿತೆಂಬುದನ್ನು ನಾನು ಒಪ್ಪುತ್ತೇನೆ, ಆದರೆ ಇಲಿಗೆ ಯಾರೋ ಬೈಯುವ ದನಿ ಕೇಳಿಸುತ್ತಿತ್ತೇ ಎಂದು ತಿಳಿಯುವ ದಾರಿಯಿಲ್ಲ.

ಗಿಡದ್ದಾದರೆ ಅಪಾಯವಿಲ್ಲವೆಂಬ ನಂಬಿಕೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಮೈಗೆ ತಾಗಿದರೆ ತುರಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಎಲ್-ಡೋಪಾ ಇದೆ; ಪಾರ್ಕಿನ್ಸನ್ ಕಾಯಿಲೆಗೆ ವೈದ್ಯರು ಕೊಡುವುದೂ ಅದನ್ನೇ. ದೇಹದಲ್ಲಿ ಅದು ಡೋಪಮಿನ್ ಆಗುತ್ತದೆ, ಭ್ರಮೆಗಳನ್ನು ಕೆರಳಿಸಬಲ್ಲದು. ಶಕ್ತಿ ಬರಲೆಂದು ಆ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಸುವ ಮನೆಯವರ ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಅದು ರೋಗಿಗೆ ಕೇಡು ಮಾಡಬಲ್ಲದು. ಬ್ರಾಹ್ಮಿ ಎಂದರೆ ಒಬ್ಬರು ಒಂದೆಲಗ ತರುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ. ಅವೆರಡೂ ಬೇರೆ ಬೇರೆ ಸಸ್ಯಗಳು.

ಇನ್ನು ಒಪ್ಪಿಗೆಯ ಪ್ರಶ್ನೆ. ಸಿರುಗುಪ್ಪದ ಬಸ್ಸಿಳಿದು ಮಗನ ತೋಳನ್ನು ಬಿಗಿಯಾಗಿ ಹಿಡಿದು ಬರುವ ತಾಯಿಯ ಮುಂದೆ ಹಲವು ಪುಟಗಳ ಒಪ್ಪಿಗೆ ಪತ್ರ ಇಟ್ಟರೆ, ಡಾಕ್ಟರು ಹೇಳಿದರೆಂದು ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ಬೇರಿನ ಮದ್ದು ಬಂದಿದೆಯಂತೆ ಎಂಬ ಸುದ್ದಿ ಊರಿಗೆ ಮುಟ್ಟಿದರೆ, ಪರೀಕ್ಷೆಗೆ ಸೇರದವರೂ ಗುಳಿಗೆ ಬಿಡುತ್ತಾರೆ. ಪರೀಕ್ಷೆಯಿಂದ ಹಾನಿಯಾದರೆ ಪರಿಹಾರ ಕೊಡಬೇಕೆಂದು ಹೊಸ ಔಷಧಗಳು ಮತ್ತು ಅವುಗಳ ಪರೀಕ್ಷೆಗಳ ಕುರಿತ ಕೇಂದ್ರದ 2019ರ ನಿಯಮಗಳು ಹೇಳುತ್ತವೆ. ಆದರೆ ಈ ಕಾಯಿಲೆ ತಾನಾಗಿಯೂ ಮರುಕಳಿಸುವಂಥದ್ದು. ಕೆರಳಿದ್ದು ಸಾರದಿಂದಲೇ ಎಂದು ಆ ತಾಯಿ ಯಾರ ಮುಂದೆ, ಹೇಗೆ ಸಾಬೀತು ಮಾಡಬೇಕು?