ಪ್ಲಸ್ ಎರಡು ಮದುಮಗಳು

ಕ್ಯಾಮೆರಾದ ತಲೆಯ ಮೇಲೆ ಪ್ಲಸ್-ಮೈನಸ್ ಗುರುತಿನ ಒಂದು ಪುಟ್ಟ ಬಟನ್ ಇರುತ್ತದೆ, ನೋಡಿದ್ದೀರಲ್ವಾ? ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅಂತ ಅದರ ಹೆಸರು. ಪ್ಲಸ್ ಮಾಡಿದರೆ ಫೋಟೋ ಬೆಳಗಾಗುತ್ತದೆ, ಮೈನಸ್ ಮಾಡಿದರೆ ಕಪ್ಪಾಗುತ್ತದೆ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಅದಕ್ಕಿರುವುದು ಒಂದೇ ಕೆಲಸ, ಹುಡುಗಿಯನ್ನು ಬೆಳ್ಳಗೆ ಮಾಡುವುದು.

ಅಸಲಿ ಕೆಲಸ ಬೇರೆ ಇದೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಪಾಪದ್ದು, ಎದುರಿಗೆ ಏನೇ ನಿಂತಿರಲಿ ಅದು ಶೇ. 18ರ ಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ವಾಪಸ್ ಕಳಿಸುವ ಬೂದು ಬಣ್ಣ, ಅಂತ ನಂಬಿಕೊಂಡು ಲೆಕ್ಕ ಹಾಕುತ್ತದೆ. ಫ್ರೇಮ್ ತುಂಬ ವರನ ಬಿಳಿ ಪಂಚೆಯೇ ಇದ್ದರೆ ಅದು ನಾಲ್ಕು ದಿನ ಉಟ್ಟ ಪಂಚೆಯ ಹಾಗೆ ಮಾಸಲಾಗಿ ಬರುತ್ತದೆ, ಆಗ ಪ್ಲಸ್ ಮಾಡಬೇಕು. ದಸರಾ ಆನೆಯೇ ತುಂಬಿಕೊಂಡರೆ ಆನೆಗೆ ಬೂದಿ ಬಳಿದ ಹಾಗೆ, ಬೆನ್ನ ಮೇಲಿನ ಚಿನ್ನದ ಅಂಬಾರಿಗೆ ಸುಣ್ಣ ಹೊಡೆದ ಹಾಗೆ ಕಾಣುತ್ತದೆ, ಆಗ ಮೈನಸ್. ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. ಅಂದರೆ ಕಪ್ಪು ಹುಡುಗಿಯ ಮುಖವನ್ನು ಹತ್ತಿರದಿಂದ ತೆಗೆದರೆ ಕ್ಯಾಮೆರಾ ಯಾರೂ ಕೇಳದೆಯೇ ಅದನ್ನು ಬೆಳಗಿಸಿರುತ್ತದೆ, ಬೀಗರಿಗಿಂತ ಮೊದಲೇ! ಅದರ ಮೇಲೆ ಫೋಟೋಗ್ರಾಫರ್ ಒಂದು ಕೋಟ್, ಎಡಿಟಿಂಗ್‌ನವನು ಇನ್ನೊಂದು ಕೋಟ್. (ಬೆನ್ನ ಹಿಂದೆ ದೀಪ ಇದ್ದು ಮುಖ ಕಪ್ಪಾದರೆ ಪ್ಲಸ್ ಮಾಡಲಿ, ಅದು ನ್ಯಾಯ.)

ನಮ್ಮ ಚಿಕ್ಕಮ್ಮನ ಮಗಳು ಎಣ್ಣೆಗೆಂಪು, ಲಕ್ಷಣವಾಗಿದ್ದಾಳೆ. ಮುಹೂರ್ತದ ಹೊತ್ತಿಗೆ ಚಿಕ್ಕಮ್ಮ ಕ್ಯಾಮೆರಾ ಹಿಂದೆ ಹೋಗಿ ನಿಂತು "ಇನ್ನೂ ಸ್ವಲ್ಪ ಬ್ರೈಟ್ ಮಾಡಪ್ಪ" ಅಂದರು. ಅವನು ಪ್ಲಸ್ ಒಂದು ಮಾಡಿದ. ಬೆಳಕು ಎರಡು ಪಟ್ಟಾಯಿತು. "ಇನ್ನೂ ಸ್ವಲ್ಪ." ಪ್ಲಸ್ ಎರಡು, ನಾಲ್ಕು ಪಟ್ಟು. ಪುರೋಹಿತರು ಗಟ್ಟಿಮೇಳ ಅಂದದ್ದೂ ಆಗಲೇ.

ಆಲ್ಬಮ್ ಬಂತು. ಮದುಮಗಳ ಮುಖದಲ್ಲಿ ಕಾಡಿಗೆ, ಕುಂಕುಮ, ಮೂಗಿನ ಎರಡು ಹೊಳ್ಳೆ, ಅಷ್ಟೇ. ಧಾರೆ ಸೀರೆ ಯಾವುದು, ವರನ ಶಲ್ಯ ಯಾವುದು ಗೊತ್ತಾಗುವುದಿಲ್ಲ. ಹೀಗೆ ಪೂರ್ತಿ ಬಿಳಿಯಾಗಿ ಸುಟ್ಟುಹೋದ ಜಾಗದಲ್ಲಿ ಕ್ಯಾಮೆರಾ ಏನನ್ನೂ ಉಳಿಸಿಕೊಂಡಿರುವುದಿಲ್ಲ, ಯಾವ ಕಂಪ್ಯೂಟರ್ ಕೂಡ ವಾಪಸ್ ತರಲಾರದು. ಚಿಕ್ಕಮ್ಮನಿಗೆ ಮಾತ್ರ ಖುಷಿಯೋ ಖುಷಿ, "ಹಾಲಿನ ಥರ ಬಂದಿದ್ದಾಳೆ" ಅಂತ ಬೀದಿಗೆಲ್ಲ ತೋರಿಸಿದರು.

ಚಿಕ್ಕಪ್ಪ ಮೆಲ್ಲಗೆ ಕನ್ನಡಕ ಏರಿಸಿ ಆ ಪುಟ ನೋಡಿ, ಫೋಟೋಗ್ರಾಫರ್‌ಗೆ ಫೋನ್ ಮಾಡಿದರು. "ಅಲ್ಲಪ್ಪಾ, ತಾಳಿ ಕಟ್ಟೋ ಫೋಟೋದಲ್ಲಿ ತಾಳಿ ಎಲ್ಲಿ?"

"ಸುಟ್ಟೋಗಿದೆ ಸಾರ್. ತಲೆ ಕೆಡಿಸ್ಕೋಬೇಡಿ, ಹೋದ ವಾರದ ಮದುವೆದು ಒಂದು ಚೆನ್ನಾಗಿ ಬಂದಿದೆ, ಅಂಟಿಸಿಕೊಡ್ತೀನಿ. ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ."