ಟಿವಿ ಕ್ರೀಡಾ ನಿರೂಪಕರು ಆಟ ಆಡಿದವರೇ ಆಗಿರಬೇಕಾ?

ಪರ: ಮೈದಾನಕ್ಕೆ ಇಳಿಯದವರ ಕೈಗೆ ಮೈಕ್ ಯಾಕೆ?
(ದೈಹಿಕ ಶಿಕ್ಷಣ ಶಿಕ್ಷಕ, ಮಂಡ್ಯ)

ಪರವಾಗಿ ಬರೀರಿ ಸಾರ್ ಅಂದಿದ್ದಾರೆ, ಬರೆಯುತ್ತೇನೆ. ಚರ್ಚಾ ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಎರಡೂ ಕಡೆ ಬರೆದುಕೊಟ್ಟು ಅಭ್ಯಾಸ ಇದೆ.

ಆಡಿದವರೇ ಆಗಿರಬೇಕು. ಆಡಿದವರ ಕಣ್ಣಿಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ. ಕಬಡ್ಡಿಯನ್ನೇ ತಗೊಳ್ಳಿ. ರೈಡರ್‌ಗೆ ಇರುವುದು 30 ಸೆಕೆಂಡು. ಎದುರಿಗೆ ಆರು ಜನ ಇದ್ದರೆ ಬೋನಸ್ ಗೆರೆ ಕಡೆ ಕಣ್ಣು, ಐದಕ್ಕೆ ಇಳಿದರೆ ಬೋನಸ್ಸೇ ಇಲ್ಲ. ಎರಡು ರೈಡ್ ಖಾಲಿ ಹೋಗಿದ್ದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟು. ಇಷ್ಟೂ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ.

ನಮ್ಮ ಕಡೆ ಒಂದು ಹಳ್ಳಿಯ ಹೊನಲು ಬೆಳಕಿನ ಕಬಡ್ಡಿಗೆ ಟಿವಿಯವರು ಬಂದಿದ್ದರು. ಕೊನೇ ರೈಡಿನಲ್ಲಿ ಕಾರ್ನರ್‌ನವನು ಕಣಕಾಲು ಹಿಡಿದಿದ್ದಾನೆ, ಹುಡುಗ ಅಂಗಾತ ಬಿದ್ದು, ಮಗ್ಗುಲು ಹೊರಳಿ, ಕೈ ಚಾಚಿ ನಡುಗೆರೆ ಮುಟ್ಟಿಬಿಟ್ಟ. ಇನ್ನೂ ಏದುಸಿರು ನಿಂತಿಲ್ಲ, ಮೂಗಿನ ಕೆಳಗೆ ಮೈಕ್ ಬಂತು. "ಗೆದ್ದಿದ್ದಕ್ಕೆ ಹೇಗನ್ನಿಸ್ತಿದೆ?" ಹುಡುಗ "ಖುಷಿ ಆಯ್ತದೆ ಸಾ" ಅಂದ. ಅಷ್ಟೇ. ಆ ಹಿಡಿತದಿಂದ ಕಾಲು ಹೇಗೆ ಬಿಡಿಸಿಕೊಂಡೆ ಅಂತ ಯಾರೂ ಕೇಳಲಿಲ್ಲ. ಆಡಿದವರಾಗಿದ್ದರೆ ಕೇಳುತ್ತಿದ್ದರು.

ಕನ್ನಡ ಕ್ರಿಕೆಟ್ ಕಾಮೆಂಟರಿಯಲ್ಲಿ ವಿಜಯ್ ಭಾರದ್ವಾಜ್ ಅವರನ್ನು ಕೇಳಿ. 1999ರಲ್ಲಿ ನೈರೋಬಿಯಲ್ಲಿ, ಭಾರತಕ್ಕೆ ಆಡಿದ ಮೊದಲ ಟೂರ್ನಿಯಲ್ಲೇ ಸರಣಿ ಶ್ರೇಷ್ಠರಾದವರು. ಆ ಅನುಭವ ಮಾತಿನಲ್ಲಿ ಬಂದೇ ಬರುತ್ತದೆ.

ಕಾಮೆಂಟೇಟರ್ ಹರ್ಷ ಭೋಗ್ಲೆ ಆಡಿಲ್ವಲ್ಲ ಅಂತ ಆ ಕಡೆಯವರು ಹೇಳೇ ಹೇಳುತ್ತಾರೆ. ಅವರೂ ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರೇ. ಭಾರತಕ್ಕೇ ಆಡಿರಬೇಕು ಅಂತ ನಾನೂ ಹೇಳುತ್ತಿಲ್ಲ. ತಾಲ್ಲೂಕು ಮಟ್ಟ ಸಾಕು. ಹೋಬಳಿ ಮಟ್ಟ ಆದರೂ ನಡೆಯುತ್ತೆ ಬಿಡಿ.

ವಿರೋಧ: ಹಾಗಾದರೆ ವಜ್ರಮುಷ್ಟಿ ಕಾಳಗಕ್ಕೆ ಜಟ್ಟಿಗಳೇ ವರದಿಗಾರರಾಗಲಿ
(ಮಾಜಿ ಟಿವಿ ವರದಿಗಾರ್ತಿ, ಮೈಸೂರು)

ಆಡಿದವರೇ ಮಾತಾಡಬೇಕು ಅನ್ನುವವರನ್ನು ವಿಜಯದಶಮಿ ದಿನ ಅರಮನೆಗೆ ಕರೆದುಕೊಂಡು ಹೋಗಬೇಕು. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು, ಕೈಯಲ್ಲಿ ವಜ್ರಮುಷ್ಟಿ, ಅಂದರೆ ಬೆರಳಿಗೆ ಹಾಕಿಕೊಳ್ಳುವ ಮೊನಚಾದ ಆಯುಧ. ಒಬ್ಬರ ತಲೆಯಿಂದ ರಕ್ತ ಬಂತೋ, ಕಾಳಗ ಮುಗಿಯಿತು. ಕ್ಯಾಮೆರಾ ಫೋಕಸ್ ಮಾಡುವಷ್ಟರಲ್ಲಿ ಮುಗಿದದ್ದೂ ಉಂಟು. ಆಮೇಲೆ? ಕಿವಿಯೊಳಗೆ ಪ್ರೊಡ್ಯೂಸರ್ "ಎಳೀರಿ ಮೇಡಂ, ಇನ್ನೂ ಸ್ವಲ್ಪ ಎಳೀರಿ" ಅನ್ನುತ್ತಿರುತ್ತಾರೆ. ಜಂಬೂ ಸವಾರಿ ಹೊರಡಲು ಇನ್ನೂ ಗಂಟೆಗಟ್ಟಲೆ ಇರುತ್ತದೆ. ಆಗ ಜಟ್ಟಿಗಳು ಚಾಮರಾಜನಗರ, ಚನ್ನಪಟ್ಟಣಗಳಿಂದಲೂ ಬರುತ್ತಾರೆ ಅನ್ನುವುದರಿಂದ ಹಿಡಿದು ತಲೆ ಯಾಕೆ ಬೋಳಿಸುತ್ತಾರೆ ಅನ್ನುವತನಕ ಬಾಯಲ್ಲಿ ಇರಬೇಕು. ಪ್ರೊಡ್ಯೂಸರ್ ಮಾತು ಕೇಳುತ್ತಲೇ ನಮ್ಮ ಮಾತು ತಪ್ಪಬಾರದು. ಈ ವಿದ್ಯೆ ಅಖಾಡದಲ್ಲಿ ಸಿಗೋದಿಲ್ಲ. ಇದಕ್ಕೂ ಜಟ್ಟಿಗಳೇ ಬೇಕಾ?

ಆಟಗಾರರು ಹೇಳುತ್ತಾರೆ, ನಾವು ಕೇಳುತ್ತೇವೆ. ಎರಡೂ ಬೇರೆ ಬೇರೆ ಕೆಲಸ. 2010ರ ಜನವರಿ, ನಮ್ಮ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್. ಮುಂಬೈ ಎದುರು ಗೆಲ್ಲಲು ಕರ್ನಾಟಕಕ್ಕೆ 338 ರನ್ ಬೇಕು. ಮನೀಶ್ ಪಾಂಡೆ 144 ಹೊಡೆದರು. ಅವರು, ಗಣೇಶ್ ಸತೀಶ್ ನಿಂತು ಆಡುತ್ತಿದ್ದಾಗ ಕಪ್ ನಮ್ಮದೇ ಅಂತ ಇಡೀ ಊರೇ ಅಂದುಕೊಂಡಿತ್ತು. ಸೋತಿದ್ದು 6 ರನ್‌ನಿಂದ. ಅಂಥ ಹೊತ್ತಲ್ಲಿ ಸೋತವರ ಹತ್ತಿರ ಹಳೇ ಆಟಗಾರರು ಹೋದರೆ ಹೆಗಲ ಮೇಲೆ ಕೈ ಹಾಕುತ್ತಾರೆ. ತಪ್ಪಲ್ಲ, ಜೊತೆಯಲ್ಲಿ ಆಡಿದವರು. ಆದರೆ ಅಷ್ಟು ಚೆನ್ನಾಗಿ ಹೋಗುತ್ತಿದ್ದ ಆಟ ಕೈ ತಪ್ಪಿದ್ದು ಹೇಗೆ ಅಂತ ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ಬೇಕಲ್ವಾ? ಅದನ್ನು ಕೇಳಲು ದಾಕ್ಷಿಣ್ಯ ಇಲ್ಲದವರು ಬೇಕು.

2003ರ ವಿಶ್ವಕಪ್ ನೆನಪಿದೆಯಾ? ನಟಿ ಮಂದಿರಾ ಬೇಡಿ ಟಿವಿ ನಿರೂಪಕಿಯಾಗಿ ಬಂದಾಗ ಗಂಡಸರೆಲ್ಲ ಎಷ್ಟು ನಕ್ಕರು! ಸೀರೆ, ಬ್ಲೌಸ್ ಬಗ್ಗೆಯೇ ಚರ್ಚೆ. ನಮ್ಮ ಸೋದರತ್ತೆ ಆ ಸೀರೆ ನೋಡಲೆಂದೇ ಹುರುಳಿಕಾಯಿ ನಾರು ತೆಗೆಯುತ್ತಾ ಟಿವಿ ಮುಂದೆ ಕೂತರು. ಮಂದಿರಾ ಸುಮ್ನೆ ಸಣ್ಣ ಸಣ್ಣ ಪ್ರಶ್ನೆ ಕೇಳೋರು, ಪಕ್ಕದಲ್ಲಿದ್ದ ದೊಡ್ಡ ಆಟಗಾರರು ಬಿಡಿಸಿ ಹೇಳಬೇಕಾಗೋದು. ಫೈನಲ್ ಹೊತ್ತಿಗೆ ನಮ್ಮತ್ತೆ ಚಾಕು ಕೆಳಗಿಟ್ಟು, "ಬಾಲು ಲೆಗ್‌ಸ್ಟಂಪಿನ ಆಚೆ ಬಿದ್ದಿದೆ ಕಣ್ರೀ, ಅದು ಹೇಗೆ ಎಲ್‌ಬಿಡಬ್ಲ್ಯೂ ಆಗುತ್ತೆ?" ಅಂತ ಮಾವನ ಜೊತೆ ಜಗಳಕ್ಕೆ ಬಿದ್ದರು. ಮಾವನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಅತ್ತೆ ಮನೆಗೆ ಹೋದರೆ ರಿಮೋಟ್ ಅವರ ಕೈಯಲ್ಲೇ. 2024ರಲ್ಲಿ ಮೈಸೂರು ವಾರಿಯರ್ಸ್ ಮಹಾರಾಜ ಟ್ರೋಫಿ ಗೆದ್ದಾಗ ನನಗೆ ಮೊದಲು ಫೋನ್ ಮಾಡಿದ್ದು ಅವರೇ.

ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಎಷ್ಟು ಹುಡುಗಿಯರನ್ನು ಮೈದಾನಕ್ಕೆ ಬಿಡುತ್ತಿದ್ದರು? ಗರಡಿಮನೆಯ ಹೊಸ್ತಿಲು ದಾಟುವಂತೆಯೂ ಇರಲಿಲ್ಲ. ಆಡಲೂ ಬಿಡದೆ, ಆಡಿಲ್ಲ ಅಂತ ಮೈಕೂ ಕೊಡದಿದ್ದರೆ ಅದು ಯಾವ ನ್ಯಾಯ?

ಇಂಟರ್ನ್‌ಶಿಪ್‌ಗೆ ಬರುತ್ತಿದ್ದ ಹುಡುಗಿಯರಿಗೆ ನಾನು ಬ್ಯಾಟ್ ಹಿಡಿಯಲು ಹೇಳಿದ್ದೇ ಇಲ್ಲ. ಗಂಗೋತ್ರಿಯಲ್ಲಿ ಸ್ಕೋರರ್ ಪಕ್ಕ ಒಂದಿಡೀ ದಿನ ಕೂರಿಸಿ, ಪುಸ್ತಕದಲ್ಲಿ ಒಂದೊಂದು ಬಾಲನ್ನೂ ಬರೆಸುತ್ತಿದ್ದೆ. ಮಾರನೇ ದಿನ ಆ ಪುಸ್ತಕ ಮುಚ್ಚಿಟ್ಟು, ಕ್ಯಾಮೆರಾ ಮುಂದೆ ನಿಂತು ಆಟದ ಕಥೆ ಹೇಳಬೇಕು. ಹೇಳಿದವರಿಗೆ ಕೆಲಸ ಸಿಕ್ಕಿದೆ.